ಪ್ಯಾಕೆಟ್ ತಿಂಡಿಗೆ ಸ್ಟಾರ್: ನಮ್ಮ ತುಮಕೂರು ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಪ್ಯಾಕೆಟ್ ಆಹಾರದ ಗುಣಮಟ್ಟ, ಸ್ಟಾರ್ ರೇಟಿಂಗ್ ಬಗ್ಗೆ ಇವತ್ತು ಡಯಟಿಷಿಯನ್ ಮೇಡಂ ಉತ್ತರ ಕೊಡ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಎಸ್.ಎಸ್. ಪುರಂ ಸದಸ್ಯೆ: ಪ್ಯಾಕೆಟ್ ಮೇಲೆ ಸ್ಟಾರ್ ಬರುತ್ತೆ ಅಂದಿದ್ರು. ನಮ್ಮ ಅಂಗಡೀಲಿ ಒಂದರ ಮೇಲೂ ಕಾಣಲಿಲ್ವಲ್ಲ ಮೇಡಂ?

ಡಯಟಿಷಿಯನ್: ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡೋ ಕೇಂದ್ರ ಸಂಸ್ಥೆ) ಈ ಸ್ಟಾರ್ ನಿಯಮದ ಕರಡು ಹೊರಡಿಸಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಅರ್ಧ ಸ್ಟಾರಿಂದ ಐದು ಸ್ಟಾರ್‌ವರೆಗೆ. 100 ಗ್ರಾಂನಲ್ಲಿ ಕ್ಯಾಲೊರಿ, ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು, ಸೋಡಿಯಂ ಜಾಸ್ತಿ ಇದ್ದಷ್ಟೂ ಸ್ಟಾರ್ ಇಳಿಯುತ್ತೆ. ನಾರು, ಪ್ರೋಟೀನ್, ಹಣ್ಣು, ಕಾಳು, ಸಿರಿಧಾನ್ಯ ಇದ್ದರೆ ಏರುತ್ತೆ. ಇನ್ನೂ ಕಡ್ಡಾಯ ಆಗಿಲ್ಲ. ಆಸ್ಟ್ರೇಲಿಯಾದಲ್ಲಿ 2014ರಿಂದ ಸ್ಟಾರ್ ಇದೆ. ಚಿಲಿ ದೇಶದವರು 2016ರಲ್ಲಿ ‘ಸಕ್ಕರೆ ಹೆಚ್ಚು’, ‘ಸೋಡಿಯಂ ಹೆಚ್ಚು’ ಅಂತ ಕಪ್ಪು ಅಷ್ಟಕೋನದ ಎಚ್ಚರಿಕೆಯನ್ನೇ ಮುಂದುಗಡೆ ಹಾಕಿಸಿದ್ರು. ನನ್ನ ಮನಸ್ಸು ಅದರ ಕಡೆಗೇ.

ಬಟವಾಡಿ ಸದಸ್ಯೆ: ರಾಗಿ ಬಿಸ್ಕತ್ ಒಳ್ಳೇದು ತಾನೆ? ಮಗನ ಡಬ್ಬಿಗೆ ದಿನಾ ಅದನ್ನೇ ಹಾಕ್ತೀನಿ.

ಡಯಟಿಷಿಯನ್: ಹಿಂದುಗಡೆ ಇರೋದನ್ನ ಓದಿ ಹಾಕಿ.

ಬಟವಾಡಿ ಸದಸ್ಯೆ: ಮೈದಾ, ಸಕ್ಕರೆ, ಪಾಮ್ ಎಣ್ಣೆ, ರಾಗಿ ಹಿಟ್ಟು 9%. ಸಕ್ಕರೆ 100 ಗ್ರಾಂಗೆ 25 ಗ್ರಾಂ.

ಡಯಟಿಷಿಯನ್: ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನ ಮೊದಲು ಬರೀಬೇಕು ಅಂತ ನಿಯಮ ಇದೆ. ರಾಗಿ ನಾಲ್ಕನೇದು. ನೀವು ಕೊಡ್ತಿರೋದು ಮೈದಾ ಬಿಸ್ಕತ್, ಕಾಲು ಭಾಗ ಸಕ್ಕರೆ.

ಶಿರಾ ಗೇಟ್ ಅಂಗಡಿಯವರು: ಪ್ಯಾಕೆಟ್‌ನಲ್ಲಾದ್ರೂ ಬರೆದಿರುತ್ತೆ. ಕಾಂಡಿಮೆಂಟ್ಸ್‌ನಲ್ಲಿ ತೂಗಿ ಕೊಡೋ ಕೋಡುಬಳೆಗೆ ಯಾರು ಸ್ಟಾರ್ ಕೊಡ್ತಾರೆ?

ಕ್ಯಾತ್ಸಂದ್ರ ಮೇಷ್ಟ್ರು: ಮನೇಲಿ ಮಾಡ್ಕೊಳ್ಳಿ. ನಮ್ಮಮ್ಮ ಹುರಿಹಿಟ್ಟು ಮಾಡಿಡ್ತಿದ್ರು.

ಎಸ್.ಎಸ್. ಪುರಂ ಸದಸ್ಯೆ: ಬೆಳಿಗ್ಗೆ ಏಳೂವರೆಗೆ ಬೆಂಗಳೂರು ರೈಲು ಹಿಡಿಯೋಳು ನಾನು ಮೇಷ್ಟ್ರೆ. ರಾಗಿ ಹುರಿಯೋಕೆ ನೀವು ಬರ್ತೀರಾ?

ಕುಣಿಗಲ್ ಸದಸ್ಯರು: ಮೇಡಂ, ರಾಗಿ ಬಿಸ್ಕತ್ ಶುಗರ್ ಇರೋರು ತಿನ್ನಬಹುದಾ?

ಡಯಟಿಷಿಯನ್: ಬೇಡ. ಮೇಲೆ ಓದಿ.

ತಿಪಟೂರು ಸದಸ್ಯರು: ಜಿಮ್‌ಗೆ ಹೋಗೋ ಹುಡುಗನಿಗೆ ಪ್ರೋಟೀನ್ ಪೌಡರ್ ಯಾವುದು ಒಳ್ಳೇದು?

ಗುಬ್ಬಿ ಸದಸ್ಯೆ: ಮೇಡಂ, ನಮ್ಮಪ್ಪನಿಗೆ 68. ಕಿಡ್ನಿ ಟೆಸ್ಟಲ್ಲಿ ಕ್ರಿಯಾಟಿನಿನ್ 3.1 ಬಂದಿದೆ. ಬಿಪಿಗೆ ಟೆಲ್ಮಿಸಾರ್ಟನ್ ತಗೋತಾರೆ. ಸೋಡಿಯಂ ಕಮ್ಮಿ ಇದ್ದಷ್ಟೂ ಒಳ್ಳೇದು ಅಂತ ಮೂರು ವಾರದಿಂದ ‘ಲೋ ಸೋಡಿಯಂ’ ಉಪ್ಪು ಹಾಕ್ತಿದೀನಿ. ದಿನಾ ಎರಡು ಎಳನೀರೂ ಕೊಡ್ತೀವಿ, ತೋಟದ್ದು. ಸರಿ ತಾನೆ?

ಡಯಟಿಷಿಯನ್: ಇಲ್ಲಮ್ಮ. ಇವತ್ತೇ ಎರಡನ್ನೂ ನಿಲ್ಲಿಸಿ. ಆ ಉಪ್ಪಿನ ಪ್ಯಾಕೆಟ್ ತಿರುಗಿಸಿ ನೋಡಿ, ‘ಪೊಟ್ಯಾಸಿಯಂ ಕ್ಲೋರೈಡ್’ ಅಂತಿರುತ್ತೆ. ಸೋಡಿಯಂ ತೆಗೆದ ಜಾಗಕ್ಕೆ ಅದನ್ನ ಸೇರಿಸಿರ್ತಾರೆ. ಕಿಡ್ನಿ ಸರಿಯಿದ್ದರೆ ಹೆಚ್ಚಿನ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತೆ. ಕ್ರಿಯಾಟಿನಿನ್ 3.1 ಅಂದ್ರೆ ನಿಮ್ಮಪ್ಪನ ಕಿಡ್ನಿ ಸೋತಿದೆ, ಅದನ್ನ ಸರಿಯಾಗಿ ಹೊರಹಾಕಲ್ಲ, ರಕ್ತದಲ್ಲೇ ನಿಲ್ಲುತ್ತೆ. ಟೆಲ್ಮಿಸಾರ್ಟನ್ ಕೂಡ ಪೊಟ್ಯಾಸಿಯಂ ಏರಿಸುತ್ತೆ, ಎಳನೀರಲ್ಲೂ ಅದೇ ತುಂಬಿದೆ. ಮೂರೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಮಾತ್ರೆಯನ್ನ ಮಾತ್ರ ನೀವಾಗಿ ನಿಲ್ಲಿಸಬೇಡಿ, ಡಾಕ್ಟರ್ ಹೇಳಲಿ.

ಸ್ಟಾರ್ ಲೆಕ್ಕದಲ್ಲಿ ಪೊಟ್ಯಾಸಿಯಂ ಇಲ್ಲವೇ ಇಲ್ಲ. ಅದು ಆರೋಗ್ಯವಾಗಿರೋರಿಗೆ ಹಾಕಿದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಈ ಬದಲಿ ಉಪ್ಪು ಬಳಸಬಹುದು ಅಂತ ಸಲಹೆ ಕೊಟ್ಟಾಗಲೂ ಕಿಡ್ನಿ ತೊಂದರೆ ಇರೋರು, ಗರ್ಭಿಣಿಯರು, ಮಕ್ಕಳನ್ನ ಹೊರಗಿಟ್ಟಿದೆ. ಅಪ್ಪನಿಗೆ ಮಾಮೂಲಿ ಉಪ್ಪೇ ಸಾಕು, ಅಳತೆ ಕಮ್ಮಿ ಮಾಡಿ. ಪ್ಯಾಕೆಟ್ ತಿಂಡಿ ತಂದರೆ ಐಎನ್‌ಎಸ್ 450, 451, 452 ಅನ್ನೋ ಸೇರ್ಪಡೆ ನಂಬರ್ ಇದೆಯಾ ನೋಡಿ. ಅವು ಫಾಸ್ಫೇಟ್, ಅವರಿಗೆ ಬೇಡ.

ಪಾವಗಡ ಸದಸ್ಯರು: ಬಾಳೆದಿಂಡಿನ ರಸಕ್ಕೆ ಎಳನೀರು ಬೆರೆಸಿ 21 ದಿನ ಕುಡಿದ್ರೆ ಕ್ರಿಯಾಟಿನಿನ್ ಇಳಿಯುತ್ತೆ. ನನಗೆ ಬಂದಿದ್ದು, ಹಾಕಿದೀನಿ.

ಡಯಟಿಷಿಯನ್: ಅಳಿಸಿ. ನಾನು ಈಗಷ್ಟೇ ಎಳನೀರು ಬೇಡ ಅಂದಿದೀನಿ, ಅದರ ಕೆಳಗೇ ಇದನ್ನ ಹಾಕ್ತೀರಾ? ಓದಿದ ಯಾರಾದ್ರೂ ಮನೇಲಿ ಕುಡಿಸಿಬಿಟ್ರೆ?

ಪಾವಗಡ ಸದಸ್ಯರು: ನಮ್ಮ ಹಿರಿಯರು ಕುಡಿದೇ ಬದುಕಿದ್ರು.

ಶಿರಾ ಗೇಟ್ ಅಂಗಡಿಯವರು: ಅವರ ಕ್ರಿಯಾಟಿನಿನ್ ಯಾರು ನೋಡಿದ್ರು?

ಕ್ಯಾತ್ಸಂದ್ರ ಮೇಷ್ಟ್ರು: ಹಿರಿಯರ ಬಗ್ಗೆ ಹಂಗೆಲ್ಲ ಮಾತಾಡಬೇಡಿ.

ಶಿರಾ ಗೇಟ್ ಅಂಗಡಿಯವರು: ನಿಮಗೆ ಹೇಳಲಿಲ್ಲ ಮೇಷ್ಟ್ರೆ, ಸುಮ್ನಿರಿ.

ಅಡ್ಮಿನ್: ಫಾರ್ವರ್ಡ್ ತೆಗೆದಿದ್ದೇನೆ. ಇಬ್ಬರೂ ನಿಲ್ಲಿಸಿ.

ಮಧುಗಿರಿ ಸದಸ್ಯೆ: ಪ್ಯಾಕೆಟ್‌ನಲ್ಲಿ ಸೋಡಿಯಂ ಅಂತಿದೆ, ಉಪ್ಪು ಎಷ್ಟು ಅಂತ ತಿಳಿಯೋದು ಹೇಗೆ?

ಡಯಟಿಷಿಯನ್: ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಅಂದ್ರೆ 2 ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂ ಒಳಗಿರಬೇಕು.

ಕುಣಿಗಲ್ ಸದಸ್ಯರು: ರಾಗಿ ಬಿಸ್ಕತ್ ಶುಗರ್‌ಲೆಸ್ ಆದ್ರೆ?

ಡಯಟಿಷಿಯನ್: ಮೈದಾ ಹಂಗೇ ಇರುತ್ತಲ್ಲ. ಬೇಡ.

ಗುಬ್ಬಿಯವರೆ, ಇದ್ದೀರಾ? ಅಪ್ಪ ಈಗ ಹೇಗಿದ್ದಾರೆ?

ಗುಬ್ಬಿ ಸದಸ್ಯೆ: ಉಪ್ಪು ಎತ್ತಿಟ್ಟೆ ಮೇಡಂ. ಎರಡು ದಿನದಿಂದ ಕಾಲಲ್ಲಿ ಶಕ್ತಿನೇ ಇಲ್ಲ ಅಂತಿದ್ರು, ವಯಸ್ಸಾಯ್ತಲ್ಲ ಅಂದ್ಕೊಂಡಿದ್ವಿ. ನಾಳೆ ಬೆಳಿಗ್ಗೆ ಡಾಕ್ಟರ್ ಹತ್ರ ಹೋಗ್ತೀವಿ.

ಡಯಟಿಷಿಯನ್: ನಾಳೆಗೆ ಕಾಯಬೇಡಿ. ಈಗಲೇ ತುಮಕೂರಿಗೆ ಕರ್ಕೊಂಡು ಬಂದು ಎಮರ್ಜೆನ್ಸಿಗೆ ತೋರಿಸಿ. ಇಸಿಜಿ ಮತ್ತು ರಕ್ತದ ಪೊಟ್ಯಾಸಿಯಂ, ಎರಡೂ ಇವತ್ತು ರಾತ್ರಿಯೇ ಆಗಬೇಕು. ಉಪ್ಪಿನ ಪ್ಯಾಕೆಟ್ ಮತ್ತೆ ಮಾತ್ರೆ ಚೀಟಿ ಜೊತೇಲಿ ತನ್ನಿ.

ಗುಬ್ಬಿ ಸದಸ್ಯೆ: ತಮ್ಮ ಕಾರು ತೆಗೀತಿದ್ದಾನೆ ಮೇಡಂ. ಹೊರಟ್ವಿ.