ಟ್ರೇಲರ್ ಟಯರಿನ ‘ಭಾರ ಹೊರುವ ಸಾಮರ್ಥ್ಯ’: ಇಲ್ಲಿ ‘ಸಾಮರ್ಥ್ಯ’ ಸಾಕೇ, ‘ಮಿತಿ’ ಬೇಕೇ?

ಮಾನ್ಯರೇ,

ಟ್ರೇಲರ್‌ಗೆ ಟಯರ್ ಆರಿಸುವುದು ಹೇಗೆಂದು ತಿಳಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಟಯರಿನ ಮಗ್ಗುಲಲ್ಲಿ ನಮೂದಾಗಿರುವ ಗರಿಷ್ಠ ಭಾರವನ್ನು ಸಾಮಾನ್ಯವಾಗಿ ‘ಭಾರ ಹೊರುವ ಸಾಮರ್ಥ್ಯ’ ಎಂದು ಬರೆಯುವ ರೂಢಿಯಿದೆ. ಇದರಲ್ಲಿ ವ್ಯಾಕರಣದ ದೋಷವೇನೂ ಇಲ್ಲ. ಆದರೆ ಕನ್ನಡದಲ್ಲಿ ‘ಸಾಮರ್ಥ್ಯ ಮೀರಿ ದುಡಿದರು’ ಎಂದರೆ ಅದು ಹೊಗಳಿಕೆ, ‘ಮಿತಿ ಮೀರಿದರು’ ಎಂದರೆ ಆಕ್ಷೇಪ. ಟಯರಿನ ಮೇಲಿನ ಸಂಖ್ಯೆ ಎರಡನೆಯ ಬಗೆಯದು. ಅದನ್ನು ದಾಟಿದ ಟಯರು ಒಂದೆರಡು ಸಲ ತಾಳಿಕೊಂಡಿತೆಂದು ಕಂಡರೂ ಒಳಗೆ ಹಾನಿ ಸೇರುತ್ತಲೇ ಹೋಗುತ್ತದೆ.

ಆ ಸಂಖ್ಯೆ ಷರತ್ತಿಗೆ ಒಳಪಟ್ಟದ್ದು ಎಂಬುದೂ ‘ಸಾಮರ್ಥ್ಯ’ದಲ್ಲಿ ಮರೆಯಾಗುತ್ತದೆ. ಟ್ರೇಲರ್‌ಗೆಂದೇ ತಯಾರಾಗುವ ಎಸ್‌ಟಿ 225/75 ಆರ್ 15 ಅಳತೆಯ ಟಯರನ್ನೇ ನೋಡಿ: ಲೋಡ್ ರೇಂಜ್ (ಟಯರಿನ ಬಲದ ದರ್ಜೆಯನ್ನು ಸೂಚಿಸುವ ಅಕ್ಷರ) ಸಿ ಆದರೆ 50 ಪಿಎಸ್‌ಐ (ಗಾಳಿಯೊತ್ತಡದ ಮಾನ) ಗಾಳಿಯಲ್ಲಿ ಸುಮಾರು 975 ಕಿಲೋ, ಡಿ ಆದರೆ 65ರಲ್ಲಿ ಸುಮಾರು 1150 ಕಿಲೋ, ಇ ಆದರೆ 80ರಲ್ಲಿ ಸುಮಾರು 1285 ಕಿಲೋ. ಅಳತೆ ಒಂದೇ ಆದರೂ ಹೊರುವ ಭಾರ ಬೇರೆ ಬೇರೆ, ಮತ್ತು ಅಷ್ಟು ಗಾಳಿಯಿದ್ದರೆ ಮಾತ್ರ ಅಷ್ಟು ಭಾರ. ಡಿ ಟಯರಿಗೆ 45 ಪಿಎಸ್‌ಐ ಹಾಕಿ 1150 ಕಿಲೋ ಹೇರಿದರೆ ಮಿತಿ ಮೀರಿದಂತೆಯೇ ಸರಿ.

ಲೆಕ್ಕದಲ್ಲಿಯೂ ಇದೇ ತೊಡಕು ಬರುತ್ತದೆ. ಎರಡು ಇರುಸುಗಳ ಟ್ರೇಲರ್‌ನಲ್ಲಿ ಇಂತಹ ನಾಲ್ಕು ಡಿ ಟಯರುಗಳಿದ್ದರೆ ಒಟ್ಟು ‘ಸಾಮರ್ಥ್ಯ’ 4600 ಕಿಲೋ ಎಂದು ಓದುಗರು ಕೂಡಿಸಿಬಿಡುತ್ತಾರೆ. 4400 ಕಿಲೋ ಹೇರಿದ ಮೇಲೆ ಸರಕು ಒಂದು ಮಗ್ಗುಲಿಗೆ ವಾಲಿದ್ದರೆ, ಒಟ್ಟು ಲೆಕ್ಕ ಸರಿಯಿದ್ದೂ ಆ ಬದಿಯ ಚಕ್ರದ ಮೇಲೆ 1200 ಕಿಲೋ ಕೂತಿರಬಹುದು. ಆದ್ದರಿಂದಲೇ ಪ್ರತಿ ಚಕ್ರದ ಭಾರವನ್ನು ಬೇರೆಬೇರೆಯಾಗಿ ತೂಗಿ, ಅತಿ ಹೆಚ್ಚು ಹೊರುವ ಚಕ್ರಕ್ಕೂ ಸಾಕಷ್ಟು ಉಳಿಕೆ ಇರುವಂತೆ ಟಯರ್ ಆರಿಸಬೇಕು. ‘ಮಿತಿ’ ಎಂದು ಬರೆದರೆ ಅದು ಒಂದೊಂದು ಟಯರಿಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ ಎಂಬುದು ಸಹಜವಾಗಿ ಹೊಳೆಯುತ್ತದೆ ಎಂದು ನನ್ನ ಎಣಿಕೆ.

ಹಾಗಾದರೆ ‘ಹೊರೆಮಿತಿ’ ಎನ್ನಬಹುದೇ? ಕನ್ನಡದ ‘ಹೊರೆ’ಗೆ ಸಂಸ್ಕೃತದ ‘ಮಿತಿ’ಯನ್ನು ಜೋಡಿಸಿದರೆ ಅರಿಸಮಾಸವಾಗುತ್ತದೆ ಎಂಬ ಆಕ್ಷೇಪ ಬರಬಹುದು. ‘ಭಾರಮಿತಿ’ಗೆ ಆ ತೊಂದರೆಯಿಲ್ಲ, ನನ್ನ ಒಲವೂ ಅದರ ಕಡೆಗೇ ಇದೆ.

‘ಪ್ಲೈ ರೇಟಿಂಗ್’ ಎಂಬುದನ್ನು ‘ಪದರಗಳ ಸಂಖ್ಯೆ’ ಎಂದು ಅನುವಾದಿಸುವುದು ಮಾತ್ರ ಖಂಡಿತ ತಪ್ಪು. ಹತ್ತಿ ನೂಲಿನ ಪದರಗಳನ್ನು ಬಳಸುತ್ತಿದ್ದ ಕಾಲದ ಆ ಎಣಿಕೆ ಈಗ ಬಲದ ದರ್ಜೆಯನ್ನಷ್ಟೇ ಸೂಚಿಸುತ್ತದೆ. ‘10 ಪ್ಲೈ’ ದರ್ಜೆಯ ಟಯರಿನ ಮಗ್ಗುಲನ್ನು ಓದಿದರೆ ಅಲ್ಲಿ ಎರಡೇ ಪಾಲಿಯೆಸ್ಟರ್ ಪದರಗಳು ನಮೂದಾಗಿರುವುದುಂಟು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿರುವ ಪದ ‘ಸಿಡಿಯುವುದು’. ‘ಟಯರ್ ಸಿಡಿಯಿತು’ ಎಂದೊಡನೆ ಗಾಳಿ ಹೆಚ್ಚಾಗಿತ್ತು ಎಂಬ ಭಾವನೆ ಮೂಡುತ್ತದೆ, ಕೇಳಿದವರು ಮುಂದಿನ ಸಲ ಗಾಳಿ ಕಡಿಮೆ ಮಾಡುತ್ತಾರೆ. ಟ್ರೇಲರ್ ಟಯರುಗಳ ವಿಷಯದಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಗಾಳಿ ಕಡಿಮೆಯಿದ್ದಾಗ ಅಥವಾ ಭಾರ ಹೆಚ್ಚಾದಾಗ ಮಗ್ಗುಲು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗಿ ನೆಟ್ಟಗಾಗುತ್ತದೆ, ಆ ಬಾಗುವಿಕೆಯಿಂದ ಕಾವು ಏರುತ್ತದೆ, ಕಾವಿಗೆ ರಬ್ಬರಿಗೂ ಒಳಗಿನ ಎಳೆಗಳಿಗೂ ಇರುವ ಬೆಸುಗೆ ಸಡಿಲವಾಗುತ್ತದೆ, ಕೊನೆಗೆ ಹೊರಮೈಯ ಪಟ್ಟಿ ಕಿತ್ತು ಬರುತ್ತದೆ. ವೇಗ ಹೆಚ್ಚಿದಷ್ಟೂ ಇದು ಬೇಗ ನಡೆಯುತ್ತದೆ. ಕಾರಣವನ್ನು ಮರೆಮಾಚದ ಕ್ರಿಯಾಪದವೊಂದು ಇಲ್ಲಿ ಅಗತ್ಯ. ‘ಪಟ್ಟಿ ಬಿಟ್ಟಿತು’, ‘ಪದರ ಬಿಟ್ಟಿತು’, ‘ಕಿತ್ತು ಬಂತು’ ಇವುಗಳಲ್ಲಿ ಯಾವುದು ಟಯರಿನ ಕೆಲಸ ಮಾಡುವವರ ಮಾತಿಗೆ ಹತ್ತಿರವಾದುದು?

ಕೊನೆಯದಾಗಿ, ಗಾಳಿಯ ಒತ್ತಡವನ್ನು ಟಯರು ತಣ್ಣಗಿರುವಾಗ, ಅಂದರೆ ಕನಿಷ್ಠ ಮೂರು ಗಂಟೆ ನಿಂತ ಮೇಲೆ ಅಳೆಯಬೇಕೆಂಬ ಸೂಚನೆಯಿದೆ. ಇದನ್ನು ‘ತಣ್ಣನೆಯ ಗಾಳಿಯೊತ್ತಡ’ ಎಂದು ಬರೆದರೆ ತಣ್ಣನೆಯ ಗಾಳಿಯನ್ನು ತುಂಬಿಸಬೇಕೆಂದು ಅರ್ಥವಾಗುವ ಸಂಭವವಿದೆ. ‘ಓಟಕ್ಕೆ ಮುಂಚಿನ ಗಾಳಿ’ ಎಂದು ಬರೆದರೆ, ದಾರಿಯ ನಡುವೆ ಕಾವಿನಿಂದ ಏರಿದ ಒತ್ತಡವನ್ನು ಕಂಡು ಗಾಳಿ ಇಳಿಸಬಾರದು ಎಂಬ ಎಚ್ಚರಿಕೆಗೂ ಅದು ಒದಗಿ ಬರುತ್ತದೆ. ಇದಕ್ಕಿಂತ ಚಿಕ್ಕದಾದ ರೂಪ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.