ಬಸುರಿ ಶುಗರ್: ಭಾನುವಾರ ಡಾಕ್ಟ್ರನ್ನ ಕೇಳಿ

ಅಡ್ಮಿನ್: ಮೇಡಂ 4ರಿಂದ 5 ಇರ್ತಾರೆ. ಬಸುರಿಯಲ್ಲಿ ಬರೋ ಶುಗರ್ ಬಗ್ಗೆ ಮಾತ್ರ ಕೇಳಿ, ರಿಪೋರ್ಟ್ ಫೋಟೋ ಹಾಕ್ಬೇಡಿ, ನಂಬರ್ ಟೈಪ್ ಮಾಡಿ.

ತುಮಕೂರು ಹುಡುಗಿ: ನಂಗೆ 26 ವಾರ ಮೇಡಂ. ಗ್ಲೂಕೋಸ್ ನೀರು ಕುಡ್ಸಿ 2 ಗಂಟೆ ಆದ್ಮೇಲೆ ರಕ್ತ ತಗೊಂಡ್ರು, 152. ಮನೇಲಿ ಯಾರಿಗೂ ಶುಗರ್ ಇಲ್ವಲ್ಲ?

ಡಾಕ್ಟರ್: ಇಲ್ದಿದ್ರೂ ಬರುತ್ತಮ್ಮ. ಮಾಸಿನ ಹಾರ್ಮೋನು ಇನ್ಸುಲಿನ್ ಕೆಲ್ಸಕ್ಕೆ ಅಡ್ಡ ಬರುತ್ತೆ. 75 ಗ್ರಾಂ ಕುಡಿದು 2 ಗಂಟೆಗೆ 140 ಮುಟ್ಟಿದ್ರೆ ಶುಗರ್ ಅಂತಾನೇ ಲೆಕ್ಕ. ಎರಡು ವಾರ ಊಟ, ನಡಿಗೆ ಸರಿ ಮಾಡಿ ಮತ್ತೆ ಚೆಕ್ ಮಾಡ್ಸಿ, ಊಟದ 2 ಗಂಟೆ ಮೇಲೆ 120ರ ಒಳಗಿರ್ಬೇಕು.

ಸವಿತಾ: ಸೀಮಂತಕ್ಕೆ ಒಂದೇ ಒಂದು ಒಬ್ಬಟ್ಟು ತಿನ್ಬಹುದಾ?

ಮಂಡ್ಯ ಮನೆ: ರಾಗಿ ತಿಂದ್ರೆ ಶುಗರ್ ಏರಲ್ಲ ಅಲ್ವಾ?

ಡಾಕ್ಟರ್: ಏರುತ್ತೆ. ಸಣ್ಣ ಮುದ್ದೆ, ಸೊಪ್ಪು ಕಾಳು ಜಾಸ್ತಿ. ಗಂಜಿ ಬೇಡ.

ನಾದಿನಿ: ಅತ್ತಿಗೆಗೆ 34 ವಾರ, ಬೆಳಿಗ್ಗೆ ಖಾಲಿ ಹೊಟ್ಟೇಲಿ 118, ಊಟ ಆದ್ಮೇಲೆ 190. ಸ್ಕ್ಯಾನಲ್ಲಿ ನೀರು ಜಾಸ್ತಿ, ಮಗು ದಪ್ಪ ಅಂದ್ರು. ಇನ್ಸುಲಿನ್ ಬರೆದಿದ್ರು, ಅಮ್ಮ ಅದನ್ನ ಫ್ರಿಜ್ಜಲ್ಲಿಟ್ಟು 10 ದಿನದಿಂದ ಹಾಗಲಕಾಯಿ ರಸ ಕೊಡ್ತಿದಾರೆ. ನಿನ್ನೆಯಿಂದ ಮಗು ಒದೆಯೋದು ಕಮ್ಮಿ ಅಂತಾಳೆ.

ಡಾಕ್ಟರ್: ಫೋನ್ ಕೆಳಗಿಟ್ಟು ಈಗ್ಲೇ ಆಸ್ಪತ್ರೆಗೆ ಹೊರಡಿ, ನಾಳೆ ಅಲ್ಲ, ಒದೆತ ಕಮ್ಮಿ ಆಗಿದೆ ಅನ್ನೋ ಮಾತೇ ಸಾಕು. ತಾಯಿ ಕಾರ್ಡ್, ಸ್ಕ್ಯಾನ್, ಆ ಇನ್ಸುಲಿನ್ ಎಲ್ಲಾ ತಗೊಂಡೋಗಿ. ಅಮ್ಮನಿಗೆ ದಾರೀಲಿ ಹೇಳಿ, ತಾಯಿ ಸಕ್ಕರೆ ಮಾಸು ದಾಟಿ ಮಗೂಗೆ ಹೋಗುತ್ತೆ ಆದ್ರೆ ತಾಯಿಗೆ ಕೊಟ್ಟ ಇನ್ಸುಲಿನ್ ದಾಟಲ್ಲ, ಹಾಗಾಗಿ ಚುಚ್ಚಿದ್ರೆ ಮಗೂಗೇನೋ ಆಗುತ್ತೆ ಅನ್ನೋ ಭಯ ಬೇಡ. ಸಕ್ಕರೆ ಜಾಸ್ತಿ ಬಂದಷ್ಟೂ ಮಗು ತಾನೇ ಇನ್ಸುಲಿನ್ ಮಾಡ್ಕೊಂಡು ದಪ್ಪ ಆಗುತ್ತೆ, ಹೆರಿಗೇಲಿ ತಲೆ ಬಂದ್ಮೇಲೆ ಭುಜ ಸಿಕ್ಕಾಕೊಳ್ಳುತ್ತೆ, ನಾವು ಬೆವರೋದು ಅಲ್ಲೇ. ಹುಟ್ಟಿದ ಮೇಲೂ ಮುಗಿಯಲ್ಲ, ಹೊಕ್ಕುಳಬಳ್ಳಿ ಕತ್ತರಿಸಿದ ತಕ್ಷಣ ತಾಯಿ ಸಕ್ಕರೆ ನಿಂತೋಗುತ್ತೆ, ಮಗು ಇನ್ಸುಲಿನ್ ನಿಲ್ಲಲ್ಲ, ಅದರ ಶುಗರ್ ಧಡಕ್ ಅಂತ ಇಳಿಯುತ್ತೆ, ಅದಕ್ಕೇ ಬೇಗ ಹಾಲು ಕುಡಿಸಿ ಹಿಮ್ಮಡಿ ಚುಚ್ಚಿ ನೋಡ್ತೀವಿ. ಹೊರಟ್ರಾ?

ರಾಜಣ್ಣ: ನಮ್ಮಜ್ಜಿ 8 ಹೆತ್ರು, ಒಂದು ಟೆಸ್ಟೂ ಇಲ್ಲ. ಎಲ್ಲಾ ಲ್ಯಾಬಿನವರ ಬಿಸಿನೆಸ್ಸು.

ತುಮಕೂರು ಹುಡುಗಿ: 8ರಲ್ಲಿ ಉಳಿದಿದ್ದೆಷ್ಟು ಅಣ್ಣ?

ರಾಜಣ್ಣ: 5. ಅದಕ್ಕೂ ಶುಗರಿಗೂ ಏನಮ್ಮ ಸಂಬಂಧ? ದೊಡ್ಡೋರ ಹತ್ರ ಮಾತಾಡೋದು ಕಲೀರಿ.

ಮಂಡ್ಯ ಮನೆ: ಹೆರೋದು ನಾವು, ನೀವ್ಯಾಕೆ ಬಂದ್ರಿ ಇಲ್ಲಿ?

ಅಡ್ಮಿನ್: ರಾಜಣ್ಣೋರೆ ಸಾಕು.

ಗೀತಾ: (ಫಾರ್ವರ್ಡ್) ಮೆಂತ್ಯ ನೆನೆಸಿದ ನೀರು, 7 ದಿನದಲ್ಲಿ ಶುಗರ್ ಮಾಯ!!

ಡಾಕ್ಟರ್: ಗೀತಾ ಅವರೇ, ಮೇಲೆ ಏನು ನಡೀತಿದೆ ಓದಿದ್ರಾ? ಅಳಿಸಿ ಅದನ್ನ.

ಹಾಸನ ಅಕ್ಕ: ಹೆರಿಗೆ ಆದ್ಮೇಲೆ ಹೋಗುತ್ತಾ?

ಡಾಕ್ಟರ್: ಸಾಮಾನ್ಯವಾಗಿ ಹೌದು. 6 ವಾರಕ್ಕೆ ಮತ್ತೆ ಗ್ಲೂಕೋಸ್ ಟೆಸ್ಟ್ ಮಾಡ್ಸಿ, ಮುಂದೆ ಶುಗರ್ ಬರೋ ಚಾನ್ಸ್ ಜಾಸ್ತಿ.

ಶಿರಾ ಸೊಸೆ: ಹೆರಿಗೆ ಆದ್ಮೇಲೆ ಹೋಗುತ್ತಾ ಮೇಡಂ?

ಡಾಕ್ಟರ್: ಮೇಲಿದೆ.

ಸವಿತಾ: ಒಬ್ಬಟ್ಟು??

ಡಾಕ್ಟರ್: ನಾದಿನಿ ಅವರೇ, ಹೊರಟ್ರಾ ಇಲ್ವಾ?

ನಾದಿನಿ: ಆಟೋದಲ್ಲಿದೀವಿ ಮೇಡಂ. ಅಮ್ಮನೂ ಬಂದಿದಾರೆ, ರಸದ ಬಾಟ್ಲಿ ಬಿಡ್ತಿಲ್ಲ.