ಚಕ್ರ ದೊಡ್ಡದಾದ್ರೆ ಎಳೆತ ಜಾಸ್ತಿನಾ?

ಚಿಕ್ಕಪ್ಪ (ಫಾರ್ವರ್ಡ್): ಟಾರ್ಕ್ (ತಿರುಗಿಸುವ ಪರಿಣಾಮ) = ಬಲ × ತ್ರಿಜ್ಯ. ಆದ್ದರಿಂದ ಕಾರಿಗೆ ದೊಡ್ಡ ಚಕ್ರ ಹಾಕಿಸಿ, ಎಳೆತ ಹೆಚ್ಚಿಸಿಕೊಳ್ಳಿ!

ಭಾವ: ಲೆಕ್ಕ ಸರಿಯಾಗೇ ಇದೆ. ಈ ಸಲ ಟೈರ್ ಬದಲಾಯಿಸುವಾಗ ಒಂದು ಸೈಜ್ ದೊಡ್ಡದು ಹಾಕಿಸ್ತೀನಿ.

ನಾನು: ಬೇಡ ಭಾವ. ಸೂತ್ರ ಸರಿ, ಅದನ್ನ ಹಚ್ಚಿದ ಜಾಗ ತಪ್ಪು. ಏರು ಹತ್ತುವಾಗ ಪಿಕಪ್ ಇನ್ನೂ ಕಮ್ಮಿ ಆಗುತ್ತೆ.

ಚಿಕ್ಕಪ್ಪ: ಅದ್ಹೇಗಪ್ಪಾ? ಉದ್ದ ಹಿಡಿಯ ಸ್ಪ್ಯಾನರ್ ಇದ್ರೆ ನಟ್ ಸಲೀಸಾಗಿ ಬಿಚ್ಚುತ್ತಲ್ಲ!

ನಾನು: ಸ್ಪ್ಯಾನರ್ ವಿಷಯ ಒಪ್ಪಿದೆ ಚಿಕ್ಕಪ್ಪ. ಅಲ್ಲಿ ಗೊತ್ತಾದ ಮಿತಿ ಇರೋದು ನಮ್ಮ ಕೈಯ ಬಲಕ್ಕೆ. 250 ನ್ಯೂಟನ್ ಒತ್ತಿದ್ರೆ 20 ಸೆಂ.ಮೀ. ಹಿಡಿಗೆ 50 ನ್ಯೂಟನ್ ಮೀಟರ್ ಟಾರ್ಕ್, 40 ಸೆಂ.ಮೀ.ಗೆ 100. ಆದ್ರೆ ಕಾರಿನ ಚಕ್ರವನ್ನ ಯಾರೂ ಅಂಚು ಹಿಡಿದು ಎಳೆಯಲ್ಲ, ನಡುವಿನಿಂದ ಆಕ್ಸಲ್ ತಿರುಗಿಸುತ್ತೆ. ಆ ಟಾರ್ಕ್ ಎಂಜಿನ್ನು, ಗೇರು ಕೊಟ್ಟಷ್ಟೇ. ಟೈರ್ ಬದಲಾಯಿಸಿದ್ರೆ ಅದು ಬೆಳೆಯಲ್ಲ. ನೆಲಕ್ಕೆ ತಲುಪೋ ಬಲ = ಟಾರ್ಕ್ ÷ ತ್ರಿಜ್ಯ. 600 ನ್ಯೂಟನ್ ಮೀಟರ್ ಇದ್ದು ತ್ರಿಜ್ಯ 30 ಸೆಂ.ಮೀ. ಆದ್ರೆ 2000 ನ್ಯೂಟನ್. 33 ಮಾಡಿ ನೋಡಿ, ಸುಮಾರು 1818ಕ್ಕೆ ಇಳೀತು.

ಅಕ್ಕ: ಹಾಗಾದ್ರೆ ಟ್ರ್ಯಾಕ್ಟರ್‌ಗೆ ಅಷ್ಟು ದೊಡ್ಡ ಹಿಂದಿನ ಚಕ್ರ ಯಾಕೋ?

ನಾನು: ಮೆತ್ತನೆ ಮಣ್ಣಲ್ಲಿ ಹೂತುಹೋಗದೆ ಹಿಡಿತ ಸಿಗಲಿ ಅಂತ. ಅದರಿಂದ ಕಳ್ಕೊಳ್ಳೋ ಬಲವನ್ನ ಗೇರ್‌ನಲ್ಲಿ ವೇಗ ತಗ್ಗಿಸಿ, ಟಾರ್ಕ್ ಏರಿಸಿ ತುಂಬಿಕೊಳ್ತಾರೆ.

ಭಾವ: ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತಲ್ಲ, ಅದು ಲಾಭ ಅಲ್ವಾ?

ನಾನು: ದೂರ ಜಾಸ್ತಿ, ಬಲ ಕಮ್ಮಿ. ಎರಡನ್ನೂ ಗುಣಿಸಿದ್ರೆ ಬರೋ ಕೆಲಸ ಮೊದಲಿನಷ್ಟೇ.

ಚಿಕ್ಕಪ್ಪ: ಬಾಯಿಮಾತಲ್ಲಿ ನಾನು ಒಪ್ಪಲ್ಲ.

ನಾನು: ಮನೇಲಿ ಸೈಕಲ್ ಇದ್ಯಲ್ಲ, ತಲೆಕೆಳಗೆ ನಿಲ್ಲಿಸಿ. ಮೊದಲು ಹಿಂದಿನ ಟೈರನ್ನ ಹಿಡ್ಕೊಳ್ಳಿ, ಆಮೇಲೆ ಚಿಕ್ಕಮ್ಮ ಪೆಡಲ್ ಮೆಲ್ಲಗೆ ಒತ್ತಲಿ. ಇನ್ನೊಂದು ಸಲ ಟೈರ್ ಬಿಟ್ಟು, ಚಕ್ರದ ನಡುವಿನ ಹಬ್‌ಗೆ ಹತ್ತಿರ ಸ್ಪೋಕ್‌ಗಳನ್ನ ಹಿಡಿದು ತಡೆದು ನೋಡಿ. ಅವರು ಒತ್ತೋದು ಅಷ್ಟೇ ಇರಬೇಕು.

ಚಿಕ್ಕಪ್ಪ: ನೋಡಿದೆ. ಟೈರ್ ಹತ್ರ ಎರಡು ಬೆರಳು ಸಾಕಾಯ್ತು. ಹಬ್ ಹತ್ರ ಮುಷ್ಟಿ ಬಿಗಿ ಹಿಡಿದ್ರೂ ಕಿತ್ಕೊಂಡು ಹೋಗ್ತಿತ್ತು. ಅಂಚಿಗೆ ಹೋದಷ್ಟೂ ಬಲ ಕಮ್ಮಿನೇ, ಒಪ್ಪಿದೆ. ಆ ಪೋಸ್ಟ್ ಹಾಕಿದ್ದ ಇನ್ನೆರಡು ಗುಂಪಿಗೂ ನಿನ್ನ ಲೆಕ್ಕ ಕಳಿಸ್ತೀನಿ. ಆದ್ರೆ ಒಂದ್ಸಲ ಪೆಡಲ್ ನೆಟ್ಟಗೆ ಮೇಲಿತ್ತು. ಚಿಕ್ಕಮ್ಮ ಎಷ್ಟು ಕೆಳಕ್ಕೆ ಒತ್ತಿದ್ರೂ ಚಕ್ರ ಅಲ್ಲಾಡ್ಲೇ ಇಲ್ಲ?

ನಾನು: ಆಗ ಒತ್ತಿದ ಬಲ ನೇರ ನಡುಮಧ್ಯಕ್ಕೇ ಹೋಗುತ್ತೆ. ನಡುವಿನಿಂದ ಬಲದ ಗೆರೆಗೆ ಇರೋ ಲಂಬ ದೂರ ಸೊನ್ನೆ, ಟಾರ್ಕೂ ಸೊನ್ನೆ. ಕ್ರ್ಯಾಂಕ್ (ಪೆಡಲ್ ಕೂತಿರೋ ತೋಳು) ಅಡ್ಡಕ್ಕೆ ತಂದು ಒತ್ತಕ್ಕೆ ಹೇಳಿ.